ಈಜುಜಗಲಿಯ ಶ್ರೀಗಂಧ

ಮರ ಯಾವುದೆಂದು ಗುರುತಿಸಲು ಲೋಕದಲ್ಲಿ ಹಲವು ದಾರಿಗಳಿವೆ. ಬಡಗಿಗಳು ಎಳೆ ನೋಡುತ್ತಾರೆ, ಹಮಾಲಿಗಳು ಹೆಗಲಿಗೇರಿಸಿ ತೂಕ ನೋಡುತ್ತಾರೆ, ಮರದಂಗಡಿಯವರು ಗಿರಾಕಿಯ ಮುಖ ನೋಡುತ್ತಾರೆ. ಆ ದೋಣಿ ಯಾರ್ಡಿನ ಮೂಗುಮೇಸ್ತ್ರಿ ಮಾತ್ರ ಮರವನ್ನು ಮೂಸುತ್ತಿದ್ದ. ಹೆಬ್ಬೆರಳಿಂದ ಹಲಗೆಯನ್ನು ಎರಡು ಸಲ ಉಜ್ಜಿ, ಕಣ್ಣು ಮುಚ್ಚಿ, ಬಗ್ಗಿ, ಒಂದು ದೀರ್ಘ ಉಸಿರೆಳೆದು, ನ್ಯಾಯಾಧೀಶರು ತೀರ್ಪು ಓದುವ ದನಿಯಲ್ಲಿ "ಹೊನ್ನೆ" ಎಂದೋ "ತೇಗ, ಆದ್ರೆ ಎಳೇದು" ಎಂದೋ ಹೇಳುತ್ತಿದ್ದ. ಹೇಳಿದ್ದು ಸುಳ್ಳಾದದ್ದಿಲ್ಲ. ಹೀಗಾಗಿ ಮರ ಉಜ್ಜಿ ವಾರ್ನಿಷ್ ಹೊಡೆಯುವ ಒಬ್ಬ ದಿನಗೂಲಿ ಮನುಷ್ಯನಿಗೆ ಮೇಸ್ತ್ರಿ ಪಟ್ಟ ಬಂದಿತ್ತು. ಕೂಲಿ ಮಾತ್ರ ಉಜ್ಜುವವನದೇ ಇತ್ತು, ಅದು ಬೇರೆ ಮಾತು.

ಆದರೆ ಈ ಕಥೆ ನಡೆಯುವ ಹೊತ್ತಿಗೆ ಮೂಗುಮೇಸ್ತ್ರಿಯ ಮೂಗು ಸತ್ತು ಹನ್ನೊಂದು ವರ್ಷವಾಗಿತ್ತು.

ಯಾರ್ಡಿನ ವಾರ್ನಿಷ್ ಕೋಣೆಗೆ ಕಿಟಕಿ ಇರಲಿಲ್ಲ. ಕಿಟಕಿ ಇಟ್ಟರೆ ಧೂಳು ಬಂದು ಹಸಿ ವಾರ್ನಿಷ್ ಕೆಡುತ್ತದೆ ಎಂದು ಮ್ಯಾನೇಜರು ಇಡಿಸಿರಲಿಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು: ವಾರ್ನಿಷ್ ಕೆಟ್ಟರೆ ಮತ್ತೆ ಹೊಡೆಸಬೇಕು, ಮೂಗು ಕೆಟ್ಟರೆ ಗೇಟಿನ ಹೊರಗೆ ಬೇಕಾದಷ್ಟು ಮೂಗುಗಳು ನಿಂತಿರುತ್ತವೆ. ಒಂದು ಮಂಗಳವಾರ ವಾರ್ನಿಷ್‌ಗೆ ಬೆರೆಸುವ ಥಿನ್ನರ್ ಡಬ್ಬಿ ತೆರೆದ ಮೂಗುಮೇಸ್ತ್ರಿಗೆ ಡಬ್ಬಿಯಲ್ಲಿ ನೀರಿದೆಯೋ ಥಿನ್ನರ್ ಇದೆಯೋ ತಿಳಿಯಲಿಲ್ಲ. ಅಷ್ಟೇ. ಅವನು ಯಾರಿಗೂ ಹೇಳಲಿಲ್ಲ. ಅದರ ಹಿಂದಿನ ತಿಂಗಳಷ್ಟೇ ಕೆಮ್ಮು ಹಿಡಿದ ಒಬ್ಬ ಮುದುಕನಿಗೆ ಮ್ಯಾನೇಜರು ಬಹಳ ಪ್ರೀತಿಯಿಂದ "ಮನೇಲಿ ವಿಶ್ರಾಂತಿ ತಗೊಳ್ಳಿ" ಎಂದು ಹೇಳಿ ಕಳಿಸಿದ್ದರು. ಆ ಪ್ರೀತಿ ತನಗೆ ಬೇಡವೆಂದು ಮೂಗುಮೇಸ್ತ್ರಿ ತೀರ್ಮಾನಿಸಿದ.

ಅಂದಿನಿಂದ ಅವನು ಮರವನ್ನು ಬೆರಳಲ್ಲಿ ಗುರುತಿಸಿ, ಮೂಗಲ್ಲಿ ನಾಟಕ ಆಡುತ್ತಿದ್ದ. ಮಿಕ್ಕ ವಾಸನೆಗಳನ್ನು ಬೇರೆಯವರ ಮುಖದಲ್ಲಿ ಓದುತ್ತಿದ್ದ. ಹುಬ್ಬು ಗಂಟಿಕ್ಕಿದರೆ ಗ್ರೀಸು, ಕೈ ಮೂಗಿಗೆ ಹೋದರೆ ಸತ್ತ ಇಲಿ, ಕಣ್ಣು ಅರ್ಧ ಮುಚ್ಚಿದರೆ ಒಳ್ಳೆಯದೇನೋ ಒಂದು. ಹನ್ನೊಂದು ವರ್ಷ ಈ ವಿದ್ಯೆ ಅವನನ್ನು ಕಾಪಾಡಿತ್ತು. ಕೈಕೊಟ್ಟದ್ದು ಸಕ್ಕರೆ ಸಾಹೇಬರ ದೋಣಿ ಬಂದ ದಿನ.

ಸಕ್ಕರೆ ಸಾಹೇಬರು ಎಂದರೆ ಸಕ್ಕರೆ ಕಾರ್ಖಾನೆಯ ಮಾಲೀಕರು. ಹೋದ ವರ್ಷ ಯಾರದೋ ಕೈಯಿಂದ ಹಳೆಯದೊಂದು ವಿಹಾರದ ದೋಣಿ ಕೊಂಡಿದ್ದರು. ಅಂಥ ದೋಣಿಗಳ ಹಿಂಬದಿಯಲ್ಲಿ, ನೀರಿಗಿಂತ ಒಂದು ಗೇಣು ಮೇಲೆ, ಮರದ ಚಿಕ್ಕ ಜಗಲಿಯೊಂದು ಇರುತ್ತದೆ. ಈಜುವವರು ಅದರಿಂದ ನೀರಿಗಿಳಿದು ಅದಕ್ಕೇ ಹತ್ತಿಕೊಳ್ಳುತ್ತಾರೆ. ಯಾರ್ಡಿನವರು ಅದನ್ನು ಈಜುಜಗಲಿ ಎನ್ನುತ್ತಿದ್ದರು. ಸಾಹೇಬರಿಗೆ ಈಜು ಬರುತ್ತಿರಲಿಲ್ಲ. ಆದರೂ ಅವರ ಚಿಂತೆಯೆಲ್ಲ ಆ ಜಗಲಿಯದೇ.

"ಮಾರಿದವನು ಇದು ತೇಗ ಅಂದ. ಮೊನ್ನೆ ಕ್ಲಬ್ಬಿನಲ್ಲಿ ಒಬ್ಬರು ಇದನ್ನ ಕಾಲಲ್ಲಿ ಒದ್ದು ನೋಡಿ ನಕ್ಕರು. ಯಾಕೆ ನಕ್ಕರು? ಇದು ಯಾವ ಮರ ಅಂತ ನನಗೆ ಇವತ್ತೇ ಗೊತ್ತಾಗಬೇಕು."

ಮ್ಯಾನೇಜರು ಯಾಕೋ ಸಾಹೇಬರಿಗೂ ಜಗಲಿಗೂ ನಡುವೆ ಬಂದು ನಿಂತರು. "ಯಾವುದಾದ್ರೇನು ಸಾಹೇಬ್ರೆ? ಮೇಲೊಂದು ಕೋಟು ವಾರ್ನಿಷ್ ಹೊಡೆಸಿಬಿಡೋಣ."

"ಆಗಲ್ಲ. ನಿಮ್ಮಲ್ಲಿ ಮೂಸಿ ಹೇಳೋನು ಒಬ್ಬ ಇದ್ದಾನಂತಲ್ಲ, ಕರೀರಿ."

ಮೂಗುಮೇಸ್ತ್ರಿ ಬಂದ. ಬಾಮೈದನೂ ಹಿಂದೆಯೇ ಬಂದ. ಬಾಮೈದ ಎಂದರೆ ಮೇಸ್ತ್ರಿಯ ಹೆಂಡತಿಯ ತಮ್ಮ, ಯಾರ್ಡಿನ ಬಡಗಿ. ಉಗ್ರಾಣದವನು ಕೀಲಿಗೊಂಚಲು ಹಿಡಿದು ಸಾಹೇಬರ ಪಕ್ಕದಲ್ಲೇ ನಿಂತಿದ್ದ. ಮೂಗುಮೇಸ್ತ್ರಿ ಹೆಬ್ಬೆರಳು ಇಟ್ಟು ನೋಡಿದ. ಹೆಬ್ಬೆರಳು ಏನೂ ಹೇಳಲಿಲ್ಲ. ಹಲಗೆಯ ಮೇಲೆ ಬಿಸಿಲು ಬೂದಿ ಬಣ್ಣ ಹೊದೆಸಿತ್ತು, ಅದರ ಮೇಲೆ ಚಕ್ಕೆ ಎದ್ದ ವಾರ್ನಿಷ್, ಅದರ ಮೇಲೆ ಪಾಚಿ. ಬಗ್ಗಿ ಉಸಿರೆಳೆದ. ಅರ್ಧ ಕಣ್ಣು ತೆರೆದು ಅಭ್ಯಾಸದಂತೆ ಸುತ್ತಲಿನ ಮುಖಗಳನ್ನು ಓದಿದ.

ಉಗ್ರಾಣದವನ ಮುಖದಲ್ಲಿ ಸ್ವರ್ಗವಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಮೂಗಿನ ಹೊಳ್ಳೆ ಅರಳಿತ್ತು, ತಲೆ ಸಣ್ಣಗೆ ತೂಗುತ್ತಿತ್ತು.

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಯಾವ ಹಲಗೆಯೂ ಯಾರ ಮುಖವನ್ನೂ ಹೀಗೆ ಮಾಡಿರಲಿಲ್ಲ. ಇಷ್ಟು ಪರಿಮಳ ಕೊಡುವ ಮರ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ. ಸಾಹೇಬರು ಆ ದಿನ ಶರ್ಟಿಗೆ ಅರ್ಧ ಸೀಸೆ ಗಂಧದೆಣ್ಣೆ ಪೂಸಿಕೊಂಡು ಬಂದಿದ್ದಾರೆ, ಉಗ್ರಾಣದವನು ಗಾಳಿಯ ಆ ಬದಿಗೆ ನಿಂತಿದ್ದಾನೆ ಎಂಬುದು ಮೂಗಿದ್ದವರಿಗೆಲ್ಲ ಗೊತ್ತಿತ್ತು.

"ಸಾಹೇಬ್ರೆ, ಇದು ತೇಗ ಅಲ್ಲ," ಎಂದ ಮೂಗುಮೇಸ್ತ್ರಿ. "ಶ್ರೀಗಂಧ."

ಬಾಮೈದ ಅವನ ಅಂಗಿ ಹಿಡಿದೆಳೆದ. "ಭಾವ, ತಲೆ ನೆಟ್ಟಗಿದೆಯಾ? ಮೊಳದಗಲದ ಹಲಗೆ ಶ್ರೀಗಂಧದಲ್ಲಿ ಎಲ್ಲಿ ಸಿಗುತ್ತೆ? ಆ ಮರ ದಪ್ಪ ಆಗೋದೇ ನನ್ನ ತೊಡೆಯಷ್ಟು!"

ಆದರೆ ಬಡಗಿಯ ಮಾತು ಯಾರಿಗೆ ಬೇಕು? ಸಾಹೇಬರು ಆಗಲೇ ಮಂಡಿಯೂರಿ ಹಲಗೆ ಮೂಸಿದ್ದರು. ಅವರ ಶರ್ಟು ಅವರ ಜೊತೆಗೇ ಬಗ್ಗಿತ್ತು. "ಹೌದು!" ಎಂದರು. "ಬರ್ತಾ ಇದೆ! ಘಮ್ ಅಂತಿದೆ! ಮ್ಯಾನೇಜರೇ, ನೀವು ನೋಡಿ."

ಮ್ಯಾನೇಜರು ಬಗ್ಗಿದರು. ಏಳುವಾಗ ಅವರ ಮುಖದಲ್ಲಿ ಎಂಥದೋ ದೊಡ್ಡ ಬಿಡುಗಡೆ ಇತ್ತು. "ಖಂಡಿತ ಶ್ರೀಗಂಧ. ನನಗೆ ಮೊದಲಿಂದಲೂ ಅನುಮಾನ ಇತ್ತು. ನಿಮ್ಮ ಯೋಗ್ಯತೆಗೆ ತಕ್ಕ ಮರ ಸಾಹೇಬ್ರೆ."

"ನನ್ನ ಕಾಲು ಇಡೋ ಜಾಗ ಶ್ರೀಗಂಧ!" ಎಂದ ಸಾಹೇಬರು ಕ್ಲಬ್ಬಿನಲ್ಲಿ ನಕ್ಕಿದ್ದವರಿಗೆ ಅಲ್ಲಿಂದಲೇ ಫೋನು ಮಾಡಿದರು.

ಮರುದಿನದಿಂದ ಯಾರ್ಡಿನ ನಡೆನುಡಿಯೇ ಬದಲಾಯಿತು. ಈಜುಜಗಲಿಯ ಬೋಲ್ಟು ಬಿಚ್ಚಿ, ನಾಲ್ಕು ಜನ ಎತ್ತಿ, ಕೂಸನ್ನು ತಂದಂತೆ ಶೆಡ್ಡಿಗೆ ತಂದರು. ಹಳೆಯ ಬಣ್ಣ ಕೆರೆದು, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಎಣ್ಣೆ ಕುಡಿಸಿ ಹೊಸದು ಮಾಡುವ ಹೊಣೆ ಮೂಗುಮೇಸ್ತ್ರಿಯದಾಯಿತು. ವಾರ್ನಿಷ್ ಬೇಡ, ಒದ್ದೆ ಕಾಲು ಬಿದ್ದಲ್ಲಿ ಅದು ಸಿಪ್ಪೆ ಏಳುತ್ತದೆ, ಎಣ್ಣೆಯೇ ಸರಿ ಎಂದು ಅವನು ಹೇಳಿದ್ದು ಮಾತ್ರ ಈ ಇಡೀ ಪ್ರಕರಣದಲ್ಲಿ ತಪ್ಪಿಲ್ಲದ ಮಾತು.

"ಮೇಲ್ಗಡೆ ಮಾತ್ರ ಉಜ್ಜು," ಎಂದರು ಮ್ಯಾನೇಜರು. "ಕೆಳಗಡೆ ಕಪ್ಪು ಬಣ್ಣ ಇದೆ ನೋಡು, ಅದನ್ನ ಮುಟ್ಟಬೇಡ. ಅದು... ಅದು ವಿಶೇಷ ಬಣ್ಣ."

ಕೆಳಗೆ ಬೆಡ್‌ಶೀಟು ಹಾಸಿ ಧೂಳನ್ನು ಹಿಡಿಯಬೇಕೆಂದು ಆಜ್ಞೆಯಾಯಿತು. ಶೆಡ್ಡಿನ ಬಾಗಿಲಿಗೆ ಉಗ್ರಾಣದವನು ಬೀಗ ಜಡಿದ. ಮಧ್ಯಾಹ್ನ ಹನ್ನೆರಡು ಜನ ಕೆಲಸಗಾರರು ಎಂದಿನಂತೆ ಹೊರಗೆ ಗೋಡೆಗೆ ಒರಗಿ ನಿಂತುಕೊಂಡೇ ಬುತ್ತಿ ಉಂಡರು. ಹಿಂದೆ ಅವರ ವಿಶ್ರಾಂತಿ ಕೋಣೆಯಲ್ಲಿ ಒಂದು ಉದ್ದನೆಯ ಬೆಂಚಿತ್ತು, ಬಾಮೈದನೇ ಮಾಡಿದ್ದು. ಆರು ವರ್ಷದ ಕೆಳಗೆ ಒಂದು ಬೆಳಗ್ಗೆ ಅದು ಇರಲಿಲ್ಲ. ಕೇಳಿದಾಗ ಮ್ಯಾನೇಜರು "ಗೆದ್ದಲು ಹಿಡಿದಿತ್ತು, ಸುಟ್ಟುಬಿಟ್ವಿ" ಎಂದರು. ಹೊಸದು ಕೇಳಿದಾಗ "ಕೂತು ಉಂಡರೆ ನಿದ್ದೆ ಬರುತ್ತೆ" ಎಂದರು. ಅವರ ಕೋಣೆಯಲ್ಲಿ ಚಕ್ರದ ಕುರ್ಚಿ ಇತ್ತು.

ಸಂಜೆ ಮೂಗುಮೇಸ್ತ್ರಿ ಮನೆಗೆ ಹೋದರೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಹೊಗಳುವ ವಿಷಯದಲ್ಲಿ ಅವರು ಅಳಿಯನಿಗೆ ಹದಿನೆಂಟು ವರ್ಷದಿಂದ ಏನೂ ಕೊಟ್ಟಿರಲಿಲ್ಲ.

"ಬನ್ನಿ ಬನ್ನಿ. ನಿಮ್ಮ ಅಂಗಿ ಕೊಡವಬೇಡಿ! ಇಲ್ಲಿ, ಈ ತಟ್ಟೆಯ ಮೇಲೆ ನಿಂತು ಕೊಡವಿ."

"ಅತ್ತೆ, ಅದು ಬರೀ ಧೂಳು..."

"ಧೂಳಂತೆ! ಇಡೀ ಬೀದಿಗೇ ಗೊತ್ತಾಗಿದೆ. ನನ್ನ ಅರ್ಧ ತಲೆನೋವಿಗೆ ಇದಕ್ಕಿಂತ ಔಷಧಿ ಬೇಕಾ?" ಅತ್ತೆ ಅಂಗಿಯ ಜೇಬನ್ನು ಒಳಗಿನಿಂದ ಹೊರಗೆ ಮಾಡಿ ಕೊಡವಿಕೊಂಡರು, ನೀರು ಬೆರೆಸಿ ಹಣೆಗೆ ದಪ್ಪಗೆ ಮೆತ್ತಿಕೊಂಡರು. "ಆಹಾ, ಎಷ್ಟು ತಂಪು! ಎಂಥಾ ಪರಿಮಳ! ನೋಡೇ, ನಿನ್ನ ಗಂಡ ಕಡೆಗೂ ಒಂದು ಒಳ್ಳೆ ಕೆಲಸ ಮಾಡಿದ."

ಹೆಂಡತಿ ಒಲೆಯ ಮುಂದಿನಿಂದ ಬಂದು ಅಮ್ಮನ ಹಣೆಯನ್ನು ಮೂಸಿದಳು. ಆಮೇಲೆ ಗಂಡನ ಮುಖವನ್ನು ನೋಡಿದಳು. ಹಾಲು ಉಕ್ಕುತ್ತಿದೆ ಎಂದು ಒಳಗೆ ಹೋದಳು.

ಅತ್ತೆಯ ಹಣೆ ಮರುದಿನ ಬೀದಿಯುದ್ದಕ್ಕೂ ಸಂಚರಿಸಿತು. ಎದುರು ಮನೆಯ ಟೀಚರಮ್ಮ ಒಂದು ಚಿಟಿಕೆ ಕೇಳಿ ಪಡೆದರು. ಇಸ್ತ್ರಿ ಅಂಗಡಿಯವನು ಒಂದು ಪೊಟ್ಟಣ ಒಯ್ದ. ಯಾರ ಮೂಗಿಗೂ ಏನೂ ತಾಗಲಿಲ್ಲ, ಆದರೆ ಪಕ್ಕದವರಿಗೆ ಬರುತ್ತಿರುವ ಪರಿಮಳ ತನಗೆ ಮಾತ್ರ ಬರುತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಬೀದಿಯಲ್ಲಿ ಯಾರಿಗಿತ್ತು? ಇಡೀ ಬೀದಿ ಕಣ್ಣು ಅರ್ಧ ಮುಚ್ಚಿ ಓಡಾಡಿತು. ಇದನ್ನು ನೋಡಿದ ಮೂಗುಮೇಸ್ತ್ರಿಗೆ ತನ್ನ ತೀರ್ಪಿನ ಮೇಲೆ ಇದ್ದ ಚೂರುಪಾರು ಅನುಮಾನವೂ ಹೋಯಿತು.

ಮೂರನೆಯ ದಿನ ಬೆಳಗ್ಗೆ ಅರಣ್ಯಾಧಿಕಾರಿಯ ಜೀಪು ಯಾರ್ಡಿನ ಗೇಟಿಗೆ ಬಂತು. ಇಸ್ತ್ರಿ ಅಂಗಡಿಯವನು ಪೊಟ್ಟಣವನ್ನು ಮರೆತು ಇಟ್ಟದ್ದು ಅದೇ ಅಧಿಕಾರಿಯ ಖಾಕಿ ಪ್ಯಾಂಟಿನ ಜೇಬಿನಲ್ಲಿ.

ಅಧಿಕಾರಿಗೆ ಭಯಂಕರ ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ನಂಬರು ಹಾಕಿದ ಮೂರು ಪ್ರತಿಯ ಜಪ್ತಿ ಪುಸ್ತಕ. ಹಿಂದೆ ಗಾರ್ಡು. ಗಾರ್ಡಿನ ಹಿಂದೆ ಅತ್ತೆ, ಹಣೆಯ ಸಮೇತ. ಅತ್ತೆಯ ಹಿಂದೆ ಮಗಳು.

"ಪರವಾನಗಿ ಇಲ್ಲದೆ ಶ್ರೀಗಂಧ ಇಟ್ಕೊಂಡಿರೋರು ಯಾರು?" ಎಂದು ಅಧಿಕಾರಿ ಸೀನಿದರು. "ಪುಡಿಯೂ ಅಪರಾಧವೇ. ಈ ಅಜ್ಜಿ ಹಣೆ ಮೇಲಿರೋದೂ ಜಪ್ತಿಗೆ ಬರುತ್ತೆ."

"ತಗೊಳ್ಳಪ್ಪ, ಹಣೆ ಬಿಚ್ಚಿ ಕೊಡಲಾ? ಮೂರು ಪ್ರತಿ ಬೇಕಾ?" ಎಂದರು ಅತ್ತೆ.

ಸಕ್ಕರೆ ಸಾಹೇಬರಿಗೆ ಸುದ್ದಿ ಹೋಗಿ ಅವರೂ ಓಡಿ ಬಂದರು. ಮೂರು ದಿನದ ಹಿಂದೆ ಮಂಡಿಯೂರಿ ಮೂಸಿದವರು ಈಗ ಜಗಲಿಯಿಂದ ಹತ್ತು ಹೆಜ್ಜೆ ದೂರ ನಿಂತರು. "ಆಫೀಸರ್, ನಾನು ಕೊಂಡಿದ್ದು ದೋಣಿ. ದೋಣಿಯ ಹಿಂಭಾಗದಲ್ಲಿ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಾನು ಯಾವಾಗಲೂ ಮುಂಭಾಗದಲ್ಲಿ ಕೂರೋನು. ಆರು ವರ್ಷದ ಹಿಂದೆ ಇದನ್ನ ಇದೇ ಯಾರ್ಡಿನವರೇ ಹಾಕಿಕೊಟ್ಟಿದ್ದಂತೆ. ಅವರನ್ನೇ ಕೇಳಿ."

"ನಾವು ಹಾಕಿದ್ದು ಬರೀ ಬೋಲ್ಟು!" ಎಂದರು ಮ್ಯಾನೇಜರು. "ಶ್ರೀಗಂಧ ಅಂತ ಹೇಳಿದ್ದು ನಾನಲ್ಲ. ಇವನು. ಇವನ ಮೂಗು."

ಎಲ್ಲರ ಬೆರಳುಗಳೂ ಮೂಗುಮೇಸ್ತ್ರಿಯ ಮೂಗಿನ ಕಡೆ ತಿರುಗಿದವು. ಮನುಷ್ಯ ಹಿಂದೆ ಸರಿದರೂ ಮೂಗು ಮುಂದೆಯೇ ಇರುತ್ತದೆ, ಏನು ಮಾಡುವುದು?

"ನೀನು ಹೇಳು," ಎಂದರು ಅಧಿಕಾರಿ. "ಶ್ರೀಗಂಧ ಹೌದು ಅಂದ್ರೆ ಈ ಜಗಲಿ, ಈ ಸಾಹೇಬರು, ಈ ಮ್ಯಾನೇಜರು, ಮನೆಗೆ ಪುಡಿ ಸಾಗಿಸಿದ ನೀನು, ಎಲ್ಲ ನನ್ನ ಜೀಪಲ್ಲಿ. ಅಲ್ಲ ಅಂದ್ರೆ ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕೆ ನೀನೊಬ್ಬನೇ ಜೀಪಲ್ಲಿ."

ಜೀಪಿಗಿಂತ ಮೂಗುಮೇಸ್ತ್ರಿಗೆ ಭಯವಿದ್ದದ್ದು ಮ್ಯಾನೇಜರ ಪ್ರೀತಿಯದು. ಮೂಗಿಲ್ಲವೆಂದು ತಿಳಿದರೆ ಮನೆ, ವಿಶ್ರಾಂತಿ. ಇಪ್ಪತ್ತೆರಡು ವರ್ಷ ಬೇರೆ ಏನನ್ನೂ ಕಲಿಯದ ಕೈಗಳನ್ನು ಗೇಟಿನ ಹೊರಗೆ ಯಾರಿಗೆ ತೋರಿಸುವುದು?

"ನನ್ನ ಮೂಗು ಇವತ್ತು ರಜೆ ಮೇಲಿದೆ," ಎಂದರು ಅಧಿಕಾರಿ ಕರವಸ್ತ್ರ ಮಡಚುತ್ತ. "ಗಾರ್ಡೇ, ನಿಂಗೇನು ವಾಸನೆ ಬರ್ತಿದೆ?"

"ಸಾರ್ ಹೇಳಿದ ವಾಸನೆ ಸಾರ್."

"ಸರಿ, ಇವನ ಮೂಗನ್ನೇ ಪರೀಕ್ಷೆ ಮಾಡೋಣ. ಕಣ್ಣಿಗೆ ಬಟ್ಟೆ ಕಟ್ಟು."

ಬಟ್ಟೆ ಕಟ್ಟಿದ ಕೂಡಲೇ ಮೂಗುಮೇಸ್ತ್ರಿಗೆ ನಿಜವಾಗಿ ಕತ್ತಲಾಯಿತು. ಮುಖಗಳೆಲ್ಲ ಹೋದವು. ಗಾರ್ಡು ಜೆಟ್ಟಿಯ ಕಡೆ ಹೋಗಿ, ಗಾಳ ಹಾಕುವವರು ವಾರದಿಂದ ಬಿಸಿಲಲ್ಲಿ ಮರೆತಿದ್ದ ಸೀಗಡಿಯ ಡಬ್ಬಿ ತಂದು ಮುಚ್ಚಳ ತೆಗೆದ. ಸಾಹೇಬರು ಗಂಧದೆಣ್ಣೆಯ ಶರ್ಟಿನೊಳಗೆ ಮುಖ ಹುದುಗಿಸಿದರು. ಉಗ್ರಾಣದವನು ಕೀಲಿಗೊಂಚಲು ಬಿಟ್ಟು ಓಡಿದ. ಬೇಲಿಯ ಮೇಲಿದ್ದ ಕಾಗೆ ಮಾತ್ರ ಆಸಕ್ತಿಯಿಂದ ಹತ್ತಿರ ಬಂತು.

ಮೂಗುಮೇಸ್ತ್ರಿ ದೀರ್ಘವಾಗಿ ಉಸಿರೆಳೆದ. ಹೊಳ್ಳೆ ಅರಳಿಸಿದ. ತಲೆ ತೂಗಿದ.

"ಇದೇ ಸಾರ್," ಎಂದ. "ಅದೇ ಪರಿಮಳ. ಶ್ರೀಗಂಧ."

ಮೊದಲು ಗಾರ್ಡು ನಕ್ಕ. ಆಮೇಲೆ ಸಾಹೇಬರು, ಆಮೇಲೆ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹನ್ನೆರಡು ಜನ ಕೆಲಸಗಾರರೂ ನಗಲು ಬಾಯಿ ತೆರೆದರು. ಆದರೆ ಅವರಲ್ಲಿ ಯಾರಿಗೂ ನಗು ಬರಲಿಲ್ಲ. ಅವರಲ್ಲಿ ಇಬ್ಬರು ತಮ್ಮ ಮೂಗನ್ನು ಮುಟ್ಟಿ ನೋಡಿಕೊಂಡರು.

ಮೂಗುಮೇಸ್ತ್ರಿ ತಾನೇ ಬಟ್ಟೆ ಬಿಚ್ಚಿದ, ಡಬ್ಬಿ ನೋಡಿದ. "ಹನ್ನೊಂದು ವರ್ಷ ಆಯ್ತು ಸಾರ್," ಎಂದ ನಿಧಾನವಾಗಿ. "ಆ ಕೋಣೆಗೆ ಕಿಟಕಿ ಇಲ್ಲ. ಏನೂ ಗೊತ್ತಾಗಲ್ಲ ನಂಗೆ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೇಳಲಿಲ್ಲ. ಮನೇಲೂ ಹೇಳಿಲ್ಲ."

"ಹೇಳೋದೇನು ಬೇಕಿತ್ತು?" ಎಂದಳು ಹೆಂಡತಿ ಹಿಂದಿನಿಂದ. "ಹನ್ನೊಂದು ವರ್ಷದಿಂದ ಸೀದ ಹಾಲನ್ನ ಚೆನ್ನಾಗಿದೆ ಅಂತ ಕುಡೀತೀರಿ. ಪ್ರೀತಿ ಅಂದ್ಕೊಂಡಿದ್ದು ಮೊದಲನೇ ವಾರ ಮಾತ್ರ."

ಅತ್ತೆ ಮೆಲ್ಲನೆ ಸೆರಗಿನಿಂದ ಹಣೆ ಒರೆಸಿಕೊಂಡರು. "ನನಗೂ ಏನೂ ವಾಸನೆ ಬರಲಿಲ್ಲಪ್ಪ," ಎಂದರು. "ಅಳಿಯಂದಿರು ಹೇಳಿದಾರಲ್ಲ ಅಂತ ಸುಮ್ಮನಿದ್ದೆ."

ಮ್ಯಾನೇಜರು ನಗು ನಿಲ್ಲಿಸಿ, ದನಿಯಲ್ಲಿ ಆ ಹಳೆಯ ಪ್ರೀತಿ ತಂದುಕೊಂಡರು. "ಪಾಪ, ಮೊದಲೇ ಹೇಳಬಾರದಾ? ನಾಳೆಯಿಂದ ಮನೇಲಿ ವಿಶ್ರಾಂತಿ..."

"ಇರಿ," ಎಂದರು ಅಧಿಕಾರಿ. "ನನಗೆ ಮರದ ಹೆಸರು ಬೇಕು. ಪುಸ್ತಕದಲ್ಲಿ ನಂಬರು ಬಿದ್ದಾಗಿದೆ. ಹರಿದು ಹಾಕೋಕಾಗಲ್ಲ."

"ಮೂಗು ಹೋಗಿದೆ ಸಾರ್, ಕೈ ಇದೆ," ಎಂದ ಮೂಗುಮೇಸ್ತ್ರಿ. "ಮೇಲ್ಗಡೆ ಬಿಸಿಲು ತಿಂದು ಹಾಕಿದೆ, ಎಷ್ಟು ಉಜ್ಜಿದ್ರೂ ಸುಳ್ಳು ಹೇಳುತ್ತೆ. ಕೆಳಗಡೆ ನೋಡಬೇಕು."

"ಕೆಳಗಡೆ ಬೇಡ!" ಎಂದು ಕಿರುಚಿದರು ಮ್ಯಾನೇಜರು. ಅವರು ಕಿರುಚದಿದ್ದರೆ ಅಧಿಕಾರಿಗೆ ಬಹುಶಃ ಆಸಕ್ತಿ ಬರುತ್ತಿರಲಿಲ್ಲ.

ನಾಲ್ಕು ಜನ ಜಗಲಿಯನ್ನು ಮಗುಚಿದರು. ಮೂಗುಮೇಸ್ತ್ರಿ ಕೆರೆಯುವ ಬ್ಲೇಡು ಹಿಡಿದು ಕಪ್ಪು ಬಣ್ಣ ಎಬ್ಬಿಸಿದ, ಒರಟು ಪೇಪರಿನಲ್ಲಿ ಉಜ್ಜಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಒಳಗಿಂದ ಅರಿಶಿನದ ಹಳದಿ ಎದ್ದು ಬಂತು. ಈಗ ಅವನು ಮೂಸಲಿಲ್ಲ, ನಾಟಕ ಮಾಡಲಿಲ್ಲ. ಅಂಗೈ ಚಪ್ಪಟೆಯಾಗಿ ಇಟ್ಟು ಎಳೆಯ ಗುಂಟ ನಡೆಸಿದ.

"ಹಲಸು," ಎಂದ. "ಚೆನ್ನಾಗಿ ಬಲಿತದ್ದು. ಯಾರ್ಯಾರೋ ಕೂತು ಕೂತು ನುಣುಪಾಗಿದೆ..." ಅವನ ಕೈ ನಿಂತಿತು. ಬೆರಳು ಒಂದು ಗೆರೆಯ ಮೇಲೆ ಹರಿಯಿತು, ಅಡ್ಡ ಗೆರೆಗೆ ತಿರುಗಿತು, ಚೌಕ ಚೌಕವಾಗಿ ಮುಂದೆ ಹೋಯಿತು, ಒಂದು ಕಡೆ ಸೊಟ್ಟಗೆ ಜಾರಿತು.

"ಬಾಮೈದ," ಎಂದ ಮೂಗುಮೇಸ್ತ್ರಿ ಬೇರೆಯದೇ ದನಿಯಲ್ಲಿ, "ಇಲ್ಲಿ ಬಾ. ಉಳಿ ಜಾರಿದ್ದು ನೆನಪಿದೆಯಾ?"

ಬಾಮೈದ ಬಂದು ಬಗ್ಗಿದ. ಅದು ಅವನೇ ಊಟದ ಬಿಡುವಿನಲ್ಲಿ ಕೆತ್ತಿದ, ಕಾಯಿ ನಡೆಸಿ ಆಡುವ ಆಟದ ಮನೆ. ಕಡೆಯ ಚೌಕ ಕೆತ್ತುವಾಗ ಯಾರೋ ತಳ್ಳಿ ಉಳಿ ಜಾರಿತ್ತು. ಪಕ್ಕದಲ್ಲಿ ಕೆಟಲು ಇಟ್ಟಿಟ್ಟು ಸುಟ್ಟ ದುಂಡು ಕಲೆ.

"ಥೂ ನಿನ್ನ!" ಎಂದ ಬಾಮೈದ. "ಇದು ನಮ್ಮ ಬೆಂಚು ಕಣ್ರೋ!"

ಹನ್ನೆರಡು ಜನರೂ ಮುಗಿಬಿದ್ದರು. ಎಲ್ಲರೂ ಒಂದೊಂದು ಗುರುತು ಹಿಡಿದರು. ಇಲ್ಲಿ ನಾನು ಕೂರ್ತಿದ್ದೆ, ಇಲ್ಲಿ ಆ ಕೆಮ್ಮಿನ ಅಜ್ಜ ಕೂರ್ತಿದ್ದ, ಈ ಮೊಳೆಗೆ ನನ್ನ ಪಂಚೆ ಹರಿದಿದ್ದು. ಆಮೇಲೆ ಎಲ್ಲರೂ ಒಟ್ಟಿಗೆ ತಿರುಗಿ ಮ್ಯಾನೇಜರನ್ನು ನೋಡಿದರು. ಗೆದ್ದಲು ತಿಂದ, ಸುಟ್ಟು ಬೂದಿಯಾದ ಬೆಂಚು ಎರಡು ತುಂಡಾಗಿ, ತೇಗವೆಂಬ ಹೆಸರಿನಲ್ಲಿ, ಆರು ವರ್ಷ ಜಲವಿಹಾರ ಮಾಡಿ ಬಂದಿತ್ತು.

"ಅದು... ಆಗ ಹಲಗೆ ಸಿಕ್ಕಿರಲಿಲ್ಲ, ಅರ್ಜೆಂಟಿತ್ತು..." ಎಂದರು ಮ್ಯಾನೇಜರು.

"ಕೂಲಿಗಳು ಕೂತ ಬೆಂಚಿನ ಮೇಲೆ ನಾನು ಕಾಲು ಇಟ್ಟೆನಾ?" ಎಂದರು ಸಾಹೇಬರು. "ಈಗಲೇ ಕಿತ್ತು ಬಿಸಾಕಿ. ನನಗೆ ಬೇಡ. ನನ್ನದಲ್ಲ."

"ನನ್ನದೂ ಅಲ್ಲ," ಎಂದರು ಮ್ಯಾನೇಜರು ಅವಸರವಾಗಿ, ಅಧಿಕಾರಿಯ ಪೆನ್ನನ್ನು ನೋಡುತ್ತ.

"ಹಾಗಾದ್ರೆ ವಾರಸುದಾರರಿಲ್ಲದ ಮಾಲು," ಎಂದರು ಅಧಿಕಾರಿ ಸಂತೋಷದಿಂದ. ನಂಬರು ಬಿದ್ದ ಹಾಳೆಗೆ ಕಡೆಗೂ ಒಂದು ಗತಿ ಸಿಕ್ಕಿತ್ತು. ಇಷ್ಟು ಭಾರದ್ದು ಜೀಪಿನಲ್ಲಿ ಹಿಡಿಯುವುದಿಲ್ಲ, ಇಲ್ಲೇ ಇರಲಿ ಎಂದರು. ಜಪ್ತಿ ಪುಸ್ತಕ ತೆರೆದು, ಸೀನುತ್ತ, ಹೇಳುತ್ತ ಬರೆದರು: "ಸದರಿ ಮರದ ಮಾಲನ್ನು ಕೆಲಸಗಾರರ ವಿಶ್ರಾಂತಿ ಕೋಣೆಯಲ್ಲಿ ಇಡತಕ್ಕದ್ದು. ಮುಂದಿನ ಆದೇಶದವರೆಗೆ ಅಲ್ಲಿಂದ ಕದಲಿಸಕೂಡದು. ಮಾಲು ಕೆಡದಂತೆ ಕಾಲಕಾಲಕ್ಕೆ ಎಣ್ಣೆ ಹಚ್ಚತಕ್ಕದ್ದು. ಕಾವಲಿನವನಾಗಿ ಮರ ಗುರುತಿಸಿದ ಈ ವ್ಯಕ್ತಿಯನ್ನು ನೇಮಿಸಿದೆ. ಪ್ರಕರಣ ಮುಗಿಯುವವರೆಗೆ ಇವನನ್ನು ಯಾರ್ಡಿನಿಂದ ತೆಗೆಯಕೂಡದು."

"ಪ್ರಕರಣ ಯಾವಾಗ ಮುಗಿಯುತ್ತೆ ಸಾರ್?" ಎಂದು ಮ್ಯಾನೇಜರು ಕ್ಷೀಣವಾಗಿ ಕೇಳಿದರು.

ಗಾರ್ಡು ಮೊದಲ ಬಾರಿಗೆ ಸ್ವಂತ ಅಭಿಪ್ರಾಯ ಹೇಳಿದ. "ನಮ್ಮಲ್ಲಿ ಇನ್ನೂ ಯಾವುದೂ ಮುಗಿದಿಲ್ಲ."

"ಇನ್ನೊಂದು ಷರತ್ತು," ಎಂದು ಅಧಿಕಾರಿ ಬರೆಯುತ್ತಲೇ ಇದ್ದರು. "ಕಾವಲಿನವನು ಕೆಲಸ ಮಾಡುವ ಜಾಗದಿಂದ ಮಾಲು ಸದಾ ಕಣ್ಣಿಗೆ ಕಾಣುವಂತಿರಬೇಕು. ನೀನು ಕೆಲಸ ಮಾಡೋದೆಲ್ಲಪ್ಪ?"

"ವಾರ್ನಿಷ್ ಕೋಣೇಲಿ ಸಾರ್. ವಿಶ್ರಾಂತಿ ಕೋಣೆ ಪಕ್ಕದಲ್ಲೇ. ಆದ್ರೆ ನಡುವೆ ಗೋಡೆ, ಹೊರಗಡೆಯೂ ಗೋಡೆ..."

ಬಾಮೈದ ಮಾತು ಮುಗಿಯಲು ಬಿಡಲಿಲ್ಲ. ಆಗಲೇ ಗರಗಸ ತರಲು ಹೋಗಿದ್ದ. ಸರ್ಕಾರಿ ಆದೇಶದ ಹಾಳೆಯನ್ನು ಬಾಯಲ್ಲಿ ಕಚ್ಚಿಕೊಂಡು ಅವನು ನಡುವಿನ ಹಲಗೆ ಗೋಡೆಯಲ್ಲಿ ಒಂದು ಕಿಟಕಿ ಕೊರೆದ. ಮಾಲನ್ನು ಎರಡು ಕಡೆಯಿಂದ ನೋಡುವುದು ಇನ್ನೂ ಸುರಕ್ಷಿತ ಎಂದು ನೀರಿನ ಕಡೆಯ ಗೋಡೆಯಲ್ಲಿ ಇನ್ನೊಂದು ಕೊರೆದ. ಆದೇಶದಲ್ಲಿ ಎರಡು ಇರಬಾರದೆಂದು ಬರೆದಿರಲಿಲ್ಲ.

ಮಧ್ಯಾಹ್ನದ ಬುತ್ತಿಯ ಹೊತ್ತಿಗೆ ಬಾಮೈದ ಎರಡು ತುಂಡನ್ನೂ ಉದ್ದಕ್ಕೆ ಕೂಡಿಸಿ, ಆಟದ ಮನೆ ಮೇಲೆ ಬರುವಂತೆ, ಕಾಲು ಕೂರಿಸಿದ್ದ. ಕಾವಲು ಎಂದರೆ ಕಾವಲು. ಹನ್ನೆರಡು ಜನರೂ ಅದರ ಮೇಲೆ ಕೂತು ಕಾದರು. ಮೂಗುಮೇಸ್ತ್ರಿಯನ್ನು ನಡುವೆ ಕೂರಿಸಿದರು. ನೀರಿನ ಕಡೆಯಿಂದ ಗಾಳಿ ಒಂದು ಕಿಟಕಿಯಲ್ಲಿ ಬಂದು, ಹನ್ನೊಂದು ವರ್ಷದ ಥಿನ್ನರನ್ನು ಎತ್ತಿಕೊಂಡು ಇನ್ನೊಂದರಲ್ಲಿ ಹೊರಟಿತು.

ಎಲ್ಲರೂ ಅಭ್ಯಾಸಬಲದಿಂದ ಅವನ ಕಡೆ ನೋಡಿದರು. ಮೂಗುಮೇಸ್ತ್ರಿ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದ. ಆಮೇಲೆ ಯಾರ ಮುಖವನ್ನೂ ಓದದೆ ಕೇಳಿದ:

"ನಂಗೇನೂ ಬರ್ತಿಲ್ಲ. ಏನೇನಿದೆ, ನೀವೇ ಹೇಳ್ರಪ್ಪ."

"ಡಾಂಬರು," ಎಂದ ಒಬ್ಬ.

"ಪಾಚಿ. ಸ್ವಲ್ಪ ಮೀನು."

"ಯಾವನೋ ಬುತ್ತಿ ಹಳಸಿದೆ," ಎಂದ ಬಾಮೈದ. "ಆ ಸೀಗಡಿ ಡಬ್ಬಿಯೂ ಇದೆ ಭಾವ, ಮ್ಯಾನೇಜರ ಕೋಣೆ ಕಿಟಕಿ ಕೆಳಗೆ. ಯಾರಿಟ್ಟರೋ ಗೊತ್ತಿಲ್ಲ."

"ಹೂಂ," ಎಂದ ಮೂಗುಮೇಸ್ತ್ರಿ ತೀರ್ಪಿನ ದನಿಯಲ್ಲಿ. "ಶ್ರೀಗಂಧ."